ಕೊಡಗಿಗೆ ಬರ್ತಿದ್ದೀರಾ? ವ್ಯೂ ಆಮೇಲೆ, ಮೊದಲು ಮನೆಯವರನ್ನು ವಿಚಾರಿಸಿ

ಕೊಡಗಿನಲ್ಲಿ ರೂಮ್ ಹುಡುಕುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ವ್ಯೂ ಹೇಗಿದೆ? ಸ್ವಿಮ್ಮಿಂಗ್ ಪೂಲ್ ಇದೆಯಾ? ರಾತ್ರಿ ಕ್ಯಾಂಪ್‌ಫೈರ್ ಹಾಕ್ತಾರಾ? ನಾನು ಕುಶಾಲನಗರದವನು. ಮಳೆ ಕಡಿಮೆಯಾಗಿ ಅಕ್ಟೋಬರ್ ಬಂತೆಂದರೆ ಬೆಂಗಳೂರು, ಮೈಸೂರಿನ ನೆಂಟರು, ನೆಂಟರ ಆಫೀಸಿನವರು, ಅವರ ಪಕ್ಕದ ಮನೆಯವರು ಎಲ್ಲರೂ ಫೋನ್ ಮಾಡುತ್ತಾರೆ. ಒಂದು ಒಳ್ಳೆ ಜಾಗ ಹೇಳಿ ಅಂತ. ಅಲ್ಲಿ ಮನೆಯವರು ಇರ್ತಾರಾ, ಮಾತಾಡಿಸ್ತಾರಾ ಎಂದು ಕೇಳುವವರು ತೀರಾ ಕಡಿಮೆ. ಆದರೆ ಪ್ರವಾಸ ಮುಗಿಸಿ ಹೋದವರು ಆಮೇಲೆ ಏನು ನೆನಪಿಸಿಕೊಳ್ಳುತ್ತಾರೆ ನೋಡಿ. ಅಬ್ಬಿ ಜಲಪಾತದ ಬಗ್ಗೆ ಒಂದು ಮಾತು, ರಾಜಾಸೀಟಿನ ಬಗ್ಗೆ ಅರ್ಧ ಮಾತು. ಉಳಿದದ್ದೆಲ್ಲ ಆ ಮನೆ ಆಂಟಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಮಾಡಲು ಕಲಿಸಿದ್ದು, ಅಂಕಲ್ ತೋಟದಲ್ಲಿ ಆನೆ ಹೆಜ್ಜೆ ತೋರಿಸಿದ್ದು, ಜೀಪ್ ಡ್ರೈವರ್ ದಾರಿಯಲ್ಲಿ ಹೇಳಿದ ಕಥೆ, ಇವೇ.

ಹಾಗಾಗಿ ಈ ಹೋಲಿಕೆಯಲ್ಲಿ ರೂಮ್ ಎಷ್ಟು ದೊಡ್ಡದು, ಟಿವಿ ಎಷ್ಟು ಇಂಚು ಎಂಬುದು ಬರುವುದಿಲ್ಲ. ನಾನು ನೋಡುವುದು ಒಂದನ್ನೇ. ನೀವು ಆರಿಸಿಕೊಳ್ಳುವ ಜಾಗದಲ್ಲಿ, ಆ ದಿನಗಳಲ್ಲಿ, ಊರಿನವರಿಗೆ ನಿಮ್ಮ ಜೊತೆ ಕೂರಲು ಪುರುಸೊತ್ತು ಇರುತ್ತದಾ?

ಉಳಿಯುವ ಜಾಗ

ಇಲ್ಲಿ ನಾಲ್ಕು ಬಗೆ ಸಿಗುತ್ತವೆ. ಮನೆಯವರೇ ಇರುವ ಹೋಂಸ್ಟೇ, ಕೆಲಸದವರು ನೋಡಿಕೊಳ್ಳುವ ಹೋಂಸ್ಟೇ, ರೆಸಾರ್ಟ್, ಪೇಟೆಯ ಲಾಡ್ಜ್. ಮೊದಲ ಎರಡಕ್ಕೂ ಬೋರ್ಡ್ ಮೇಲೆ ಹೋಂಸ್ಟೇ ಅಂತಲೇ ಬರೆದಿರುತ್ತದೆ, ಮೋಸ ಹೋಗುವುದು ಅಲ್ಲೇ.

ಮನೆಯವರೇ ಇರುವ ಹೋಂಸ್ಟೇ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಕಾಫಿ ತೋಟದ ಮಧ್ಯೆ ಮನೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿರುತ್ತಾರೆ, ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಖಾಲಿ ಬಿದ್ದ ಎರಡು ಮೂರು ರೂಮುಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ದರ ತಲೆಗೆ ಇಷ್ಟು ಎಂದು ಇರುತ್ತದೆ, ಅದರಲ್ಲೇ ರಾತ್ರಿ ಊಟ, ಬೆಳಗ್ಗೆ ತಿಂಡಿ ಸೇರಿರುತ್ತದೆ. ನೀವು ಊಟಕ್ಕೆ ಕೂತಾಗ ಅವರೂ ಬಂದು ಕೂರುತ್ತಾರೆ, ಇಲ್ಲವೇ ಬಡಿಸುತ್ತಾ ಪಕ್ಕದಲ್ಲೇ ನಿಂತು ಮಾತಾಡುತ್ತಾರೆ. ಕೊಡಗಿನವರು ಮೊದಲ ಐದು ನಿಮಿಷ ಸ್ವಲ್ಪ ಗಂಭೀರ ಅನ್ನಿಸಬಹುದು. ಬಾಯಿ ತುಂಬಾ ಹೊಗಳಿ ಸ್ವಾಗತಿಸುವ ಅಭ್ಯಾಸ ಇಲ್ಲಿ ಕಡಿಮೆ. ಎರಡನೇ ಕಾಫಿ ಹೊತ್ತಿಗೆ ನಿಮ್ಮ ಮಗಳ ಮದುವೆ ವಿಷಯದವರೆಗೂ ವಿಚಾರಿಸಿರುತ್ತಾರೆ, ಅದು ಬೇರೆ ಮಾತು.

ಇಂಥ ಮನೆಯಲ್ಲಿ ಉಳಿದರೆ ಒಂದು ಕೆಲಸ ಖಂಡಿತ ಮಾಡಿ. ಬೆಳಗ್ಗೆ ಮನೆಯ ಯಜಮಾನರು ತೋಟ ಸುತ್ತಲು ಹೊರಡುವಾಗ, ನಾವೂ ಬರಬಹುದಾ ಅಂಕಲ್ ಎಂದು ಕೇಳಿ. ದುಡ್ಡು ಕೊಟ್ಟು ಮಾಡುವ ಪ್ಲಾಂಟೇಶನ್ ವಾಕ್‌ನಲ್ಲಿ ಸಿಗದ ಮಾತು ಅಲ್ಲಿ ಸಿಗುತ್ತದೆ. ಅರೇಬಿಕಾ ಯಾವುದು, ರೋಬಸ್ಟಾ ಯಾವುದು, ಗಿಡ ನೋಡಿಯೇ ಹೇಗೆ ಹೇಳೋದು, ಸಿಲ್ವರ್ ಓಕ್ ಮರಕ್ಕೆ ಕರಿಮೆಣಸಿನ ಬಳ್ಳಿ ಯಾಕೆ ಹಬ್ಬಿಸುತ್ತಾರೆ, ನೆರಳಿನ ಮರ ಎಷ್ಟು ಕಡಿಯಬೇಕು ಎಷ್ಟು ಬಿಡಬೇಕು, ಹಲಸಿನ ಹಣ್ಣಿನ ಕಾಲದಲ್ಲಿ ಆನೆ ಯಾವ ದಾರಿಯಲ್ಲಿ ಬೇಲಿ ಮುರಿದು ಬಂತು, ಈ ವರ್ಷ ಕೂಲಿ ಎಷ್ಟಾಯಿತು, ರೇಟ್ ಎಷ್ಟು ಬಿತ್ತು, ಎಲ್ಲ ನಡೆಯುತ್ತಲೇ ಬರುತ್ತದೆ. ಕಾಫಿ ಕುಡಿಯುವವರು ನಾವೆಲ್ಲ, ಆದರೆ ಗಿಡದಿಂದ ಲೋಟದವರೆಗೆ ಎಷ್ಟು ಕೈ ದಾಟುತ್ತದೆ ಎಂಬುದು ಹೀಗೆ ಕೇಳಿದಾಗಲೇ ಗೊತ್ತಾಗುವುದು.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಅದು ಅವರ ಮನೆ. ರಾತ್ರಿ ಹನ್ನೊಂದಕ್ಕೆ ಬಂದು ಊಟ ಬಿಸಿ ಮಾಡಿ ಕೊಡಿ ಎಂದರೆ ಆಗುವುದಿಲ್ಲ. ಸ್ಪೀಕರ್ ಹಾಕಿ ಕುಣಿಯುವಂತಿಲ್ಲ. ನಾಯಿ ಇಲ್ಲದ ತೋಟದ ಮನೆ ಸಿಗುವುದು ಅಪರೂಪ, ನಾಯಿ ಅಂದರೆ ಹೆದರುವ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ, ಕಟ್ಟಿ ಹಾಕುತ್ತಾರೆ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಬರಬಹುದು, ಗಾಳಿ ಮಳೆಗೆ ಕರೆಂಟ್ ಹೋಗಬಹುದು. ಇದೆಲ್ಲ ಕಿರಿಕಿರಿ ಅನ್ನಿಸುವವರು ಸುಮ್ನೆ ಬೇರೆ ಕಡೆ ಹೋಗುವುದು ಇಬ್ಬರಿಗೂ ಒಳ್ಳೆಯದು.

ಎರಡನೇ ಬಗೆಯಲ್ಲಿ ಮಾಲೀಕರು ಬೆಂಗಳೂರಿನಲ್ಲಿ ಇರುತ್ತಾರೆ, ಇಲ್ಲಿ ಒಬ್ಬ ಹುಡುಗ ಕೀ ಕೊಡುತ್ತಾನೆ. ಅವನೂ ಪಾಪ ಎಲ್ಲಿಂದಲೋ ಕೆಲಸಕ್ಕೆ ಬಂದವನು. ಹತ್ತಿರದಲ್ಲಿ ಏನಿದೆ ಎಂದು ಕೇಳಿದರೆ ನಿಮ್ಮ ಹಾಗೆ ಅವನೂ ಫೋನ್ ತೆಗೆದು ಮ್ಯಾಪ್ ನೋಡುತ್ತಾನೆ. ಊಟ ಹೊರಗಿಂದ ತರಿಸುತ್ತಾನೆ. ಗೆಳೆಯರ ಗುಂಪು, ನಮಗೆ ನಮ್ಮದೇ ಹರಟೆ ಸಾಕು ಅನ್ನುವವರಿಗೆ ಇದು ಚೆನ್ನಾಗಿರುತ್ತದೆ. ಆದರೆ ಒಂದು ವಿಷಯ. ಕೆಲವು ಕಡೆ ಮನೆ ನೋಡಿಕೊಳ್ಳುವವರು ಅದೇ ತೋಟದ ಹಳೇ ರೈಟರ್ ಆಗಿರುತ್ತಾರೆ, ಅಂದರೆ ಆಳುಗಳ ಲೆಕ್ಕ, ಕೆಲಸ ಎಲ್ಲ ನೋಡಿಕೊಳ್ಳುತ್ತಿದ್ದವರು. ಅಂಥವರು ಸಿಕ್ಕಿದರೆ ಮಾಲೀಕರಿಗಿಂತ ಜಾಸ್ತಿ ಕಥೆ ಅವರ ಹತ್ತಿರ ಇರುತ್ತದೆ. ಬುಕ್ ಮಾಡುವಾಗಲೇ, ಅಲ್ಲಿ ಯಾರಿರ್ತಾರೆ, ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿದರೆ ತಿಳಿಯುತ್ತದೆ.

ರೆಸಾರ್ಟ್ ಬಗ್ಗೆ ನನಗೆ ಕೋಪವೇನೂ ಇಲ್ಲ. ಮೊಣಕಾಲು ನೋವಿನ ಅಪ್ಪ ಅಮ್ಮ, ಕೈಗೂಸು, ಡಾಕ್ಟರ್ ಹತ್ತಿರ ಇರಬೇಕು ಅನ್ನುವ ಭಯ, ಇವೆಲ್ಲ ಇದ್ದರೆ ರೆಸಾರ್ಟೇ ಸರಿ. ಅಲ್ಲಿ ನಗುನಗುತ್ತಾ ಮಾತಾಡಿಸುತ್ತಾರೆ, ಆದರೆ ಅದು ಡ್ಯೂಟಿಯ ನಗು, ಅದರಲ್ಲಿ ತಪ್ಪೇನಿಲ್ಲ. ಗುಂಪಿನಲ್ಲಿ ಕರೆದುಕೊಂಡು ಹೋಗಿ ಬಾಯಿಪಾಠ ಮಾಡಿದ ಮಾತು ಹೇಳುತ್ತಾರೆ. ಡ್ಯೂಟಿ ಮುಗಿದ ಮೇಲೆ ಅದೇ ಹುಡುಗ ಮರಗೋಡಿನವನೋ ಚೆಟ್ಟಳ್ಳಿಯವನೋ ಆಗಿರುತ್ತಾನೆ, ಅವನಿಗೂ ಒಂದು ಊರು ಇರುತ್ತದೆ. ತೋಟ ನೋಡಿಕೊಳ್ಳುವವರನ್ನು, ಗೇಟಿನ ಹತ್ತಿರ ಇರುವವರನ್ನು ಮಾತಾಡಿಸಿ. ದಿನಕ್ಕೆ ಒಂದು ಊಟವನ್ನಾದರೂ ಗೇಟಿನ ಹೊರಗೆ ಮಾಡಿ.

ಮಡಿಕೇರಿ ಪೇಟೆಯ ಲಾಡ್ಜನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಬ್ಬರೇ ಬರುವವರಿಗೆ, ಕಾರಿಲ್ಲದವರಿಗೆ, ಖರ್ಚು ಹಿಡಿತದಲ್ಲಿ ಇಟ್ಟುಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್ ಎಲ್ಲ ನಡೆದೇ ಹೋಗಬಹುದು. ಕೊಡಗಿನ ಅರಸ ಲಿಂಗರಾಜೇಂದ್ರ ಒಡೆಯರು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರಕ್ಕೆ ಸಂಜೆ ಹೋದರೆ ಕೆರೆಯ ಸುತ್ತ ಊರಿನವರೇ ಕೂತಿರುತ್ತಾರೆ. ಶುಕ್ರವಾರ ಇದ್ದರೆ ಮಡಿಕೇರಿ ಸಂತೆ ಬಿಡಬೇಡಿ. ಸುತ್ತಲ ಹಳ್ಳಿಗಳವರು ಅಂದು ಪೇಟೆಗೆ ಇಳಿಯುತ್ತಾರೆ, ಆಯಾ ಕಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಕಾಡುಮಾವು ಬರುತ್ತದೆ. ಇದನ್ನು ಹೇಗೆ ಮಾಡ್ತೀರಾ ಅಕ್ಕಾ ಎಂದು ಕೇಳಿದರೆ ಮಾರುವವರು ಹೇಳುವ ಮೊದಲೇ ಕೊಳ್ಳಲು ಬಂದವರು ಹೇಳಲು ಶುರು ಮಾಡುತ್ತಾರೆ.

ನನ್ನ ಆಯ್ಕೆ ಕೇಳಿದರೆ, ಗಂಡ ಹೆಂಡತಿ ಮಕ್ಕಳು ಬರುವುದಾದರೆ ಮನೆಯವರಿರುವ ಹೋಂಸ್ಟೇ, ಒಬ್ಬರೇ ಆದರೆ ಲಾಡ್ಜ್, ವಯಸ್ಸಾದವರ ಜೊತೆ ರೆಸಾರ್ಟ್. ಕೇರ್‌ಟೇಕರ್ ಹೋಂಸ್ಟೇ ಕೊನೆಗೆ.

ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ. ಆ್ಯಪ್‌ನಲ್ಲಿ ಬಟನ್ ಒತ್ತಿ ಮುಗಿಸಬೇಡಿ. ಊಟ ಯಾರು ಮಾಡ್ತಾರೆ ಎಂದು ಕೇಳಿ. "ನಾನೇ ಮಾಡೋದು, ನಿಮಗೆ ಖಾರ ಆಗುತ್ತಾ?" ಎಂದು ತಿರುಗಿ ಪ್ರಶ್ನೆ ಬಂದರೆ ಅರ್ಧ ಕೆಲಸ ಮುಗಿಯಿತು. "ಮೆನು ವಾಟ್ಸಾಪ್ ಮಾಡ್ತೀವಿ ಸರ್" ಎಂದರೆ ಅದು ಬೇರೆ ಬಗೆಯ ಜಾಗ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಎಂದೂ ಕೇಳಿಬಿಡಿ, ಸರಿಯಾಗಿ ನಡೆಸುವವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ, ಅದೇ ದಿನ ಬೇರೆ ಎಷ್ಟು ಜನ ಇರ್ತಾರೆ? ಒಂದೇ ಮನೆಯಲ್ಲಿ ಮೂರು ಗುಂಪು ಇದ್ದರೆ ಆಂಟಿ ಅಡುಗೆಮನೆಯಿಂದ ಹೊರಗೆ ಬರುವುದೇ ಇಲ್ಲ.

ಯಾವಾಗ ಬರುವುದು

ವಾರದ ದಿನವೋ ವಾರದ ಕೊನೆಯೋ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಶನಿವಾರ ಭಾನುವಾರ, ಅದರಲ್ಲೂ ಮೂರು ದಿನ ರಜೆ ಒಟ್ಟಿಗೆ ಬಂದಾಗ, ಮಡಿಕೇರಿಯ ರಸ್ತೆಗಳಲ್ಲಿ ಗಾಡಿ ಮುಂದೆ ಹೋಗುವುದಿಲ್ಲ, ಮಾಂದಲಪಟ್ಟಿ ಬೆಟ್ಟದಲ್ಲಿ ಮಂಜಿಗಿಂತ ಜೀಪಿನ ಹೊಗೆ ಜಾಸ್ತಿ. ಆ ದಿನಗಳಲ್ಲಿ ಊರಿನವರೂ ಸುಸ್ತಾಗಿರುತ್ತಾರೆ. ಹೋಂಸ್ಟೇಯವರು ಒಂದು ಗುಂಪಿನ ಹಾಸಿಗೆ ಬಟ್ಟೆ ತೆಗೆದು ಇನ್ನೊಂದು ಗುಂಪಿಗೆ ಹಾಸುತ್ತಿರುತ್ತಾರೆ. ಅವರಿಂದ ಹರಟೆ ನಿರೀಕ್ಷಿಸುವುದು ನ್ಯಾಯವಲ್ಲ. ಅದೇ ಮನೆಗೆ ಮಂಗಳವಾರ ಬನ್ನಿ, ಮನುಷ್ಯರೇ ಬೇರೆ ಅನ್ನಿಸುತ್ತದೆ.

ಕಾಲದ ವಿಷಯಕ್ಕೆ ಬಂದರೆ ಸ್ವಲ್ಪ ಯೋಚಿಸಬೇಕು. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗುತ್ತದೆ, ರೋಬಸ್ಟಾ ಜನವರಿಯಿಂದ. ಆಗ ಚಳಿ, ಬಿಸಿಲು, ಆಕಾಶ ಎಲ್ಲ ಚೆನ್ನ. ಪ್ರವಾಸಿಗರೂ ಜಾಸ್ತಿ. ಆದರೆ ತೋಟದವರಿಗೆ ವರ್ಷದ ಸಂಪಾದನೆ ಅದೇ ಕೆಲವು ವಾರಗಳಲ್ಲಿ. ಸಂಜೆ ಕೊಯ್ದ ಹಣ್ಣು ಮೂಟೆಯಲ್ಲಿ ಬರುತ್ತದೆ, ತೂಕ ಹಾಕಬೇಕು, ಲೆಕ್ಕ ಬರೆಯಬೇಕು, ಕಣದಲ್ಲಿ ಒಣಗಲು ಹಾಕಿದ್ದನ್ನು ಮೋಡ ಕಂಡರೆ ಓಡಿ ಮುಚ್ಚಬೇಕು. ಮಾತಿಗೆ ಪುರುಸೊತ್ತಿಲ್ಲ, ನೋಡಲು ಮಾತ್ರ ಹಬ್ಬ. ಕಣದಲ್ಲಿ ಕಾಫಿ ಕೈಯಾಡಿಸಲು ಮಕ್ಕಳಿಗೆ ಒಂದು ಅವಕಾಶ ಕೊಡಿ ಎಂದು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೂಮಳೆ ಬಿದ್ದರೆ ಒಂದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂ. ಇದರ ದಿನ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ನೀವು ಮೊದಲು ಉಳಿದ ಮನೆಯವರ ಜೊತೆ ಪರಿಚಯ ಉಳಿಸಿಕೊಂಡಿದ್ದರೆ, ಮಳೆ ಬಿತ್ತು ಬನ್ನಿ ಎಂದು ಅವರೇ ಮೆಸೇಜ್ ಹಾಕುತ್ತಾರೆ.

ಮಳೆಗಾಲವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮಾತುಕತೆಯ ಲೆಕ್ಕದಲ್ಲಿ ಅದೇ ನಂಬರ್ ಒನ್. ತೋಟಕ್ಕೆ ಇಳಿಯಲು ಆಗದ ಮಳೆ, ಅತಿಥಿಗಳೂ ಇಲ್ಲ, ಒಲೆಯ ಹತ್ತಿರ ಕೂತು ಹಪ್ಪಳ ಸುಡುವುದೇ ಕೆಲಸ. ಜುಲೈ ಮಧ್ಯದಿಂದ ಕೊಡವರ ಲೆಕ್ಕದ ಕಕ್ಕಡ ತಿಂಗಳು. ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3ರ ಆಸುಪಾಸು, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪಿನ ರಸ ಕಡು ನೇರಳೆ ಬಣ್ಣ, ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ಸೇರುತ್ತದೆ ಎಂಬುದು ನಂಬಿಕೆ. ಮಾರನೇ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಇದನ್ನು ಮನೆಯವರು ಮೊದಲೇ ಹೇಳದೆ ಇದ್ದು ಆಮೇಲೆ ನಗುವುದೂ ಉಂಟು.

ಆದರೆ ಮಳೆಗಾಲದಲ್ಲಿ ಮನೆಯವರು ಬರಬೇಡಿ ಎಂದರೆ ಬರಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಮನೆ ಮಠ ಹೋದದ್ದನ್ನು ಕಂಡವರು ಅವರು. ಭಾಗಮಂಡಲದಲ್ಲಿ ಸಂಗಮ ತುಂಬಿ ನೀರು ಉಕ್ಕುವುದು ಮಳೆಗಾಲದಲ್ಲಿ ಮಾಮೂಲು. ಯಾವ ರಸ್ತೆ ಇವತ್ತು ಇದೆ, ಯಾವುದು ನಾಳೆ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ತಮ್ಮ ಬಾಡಿಗೆ ಹೋದರೂ ಪರವಾಗಿಲ್ಲ, ಈ ವಾರ ಬೇಡ ಎಂದು ಫೋನ್ ಮಾಡಿ ಹೇಳುವ ಮನೆ ಸಿಕ್ಕಿದರೆ ಆ ನಂಬರ್ ಸೇವ್ ಮಾಡಿಟ್ಟುಕೊಳ್ಳಿ. ಮುಂದಿನ ಸಲಕ್ಕೂ ಅದೇ ಮನೆ.

ಕೊಡಗಿನ ಯಾವ ಕಡೆ

ಮಡಿಕೇರಿ ಸುತ್ತಮುತ್ತ ಉಳಿದರೆ ಓಡಾಟ ಸುಲಭ, ಆದರೆ ಎಲ್ಲ ಕಡೆ ಪ್ರವಾಸಿಗರೇ. ಕುಶಾಲನಗರ ನಮ್ಮೂರಾದರೂ ನಿಜ ಹೇಳಬೇಕಲ್ವಾ, ಇಲ್ಲಿ ಉಳಿದರೆ ದುಬಾರೆ, ನಿಸರ್ಗಧಾಮ ನೋಡಿ, ಗಡಿ ದಾಟಿ ಬೈಲಕುಪ್ಪೆಯ ಚಿನ್ನದ ದೇವಾಲಯಕ್ಕೆ ಹೋಗಿ ಬರಬಹುದು, ಮಲೆನಾಡಿನ ಮನೆವಾಸ ಸಿಗುವುದಿಲ್ಲ. ಆದರೆ ಬೈಲಕುಪ್ಪೆಯಲ್ಲಿ ಟಿಬೆಟಿಯನ್ ಹೋಟೆಲ್ ಒಂದರಲ್ಲಿ ಕೂತು, ಇಲ್ಲೇ ಹುಟ್ಟಿ ಕನ್ನಡ ಮಾತಾಡುವ ಹುಡುಗರ ಜೊತೆ ಒಂದಿಷ್ಟು ಹೊತ್ತು ಕಳೆದು ನೋಡಿ.

ನಾಪೋಕ್ಲು, ಕಕ್ಕಬ್ಬೆ ಕಡೆ ನನಗೆ ತುಂಬಾ ಇಷ್ಟ. ಜೇನಿಗೆ ಹೆಸರಾದ ಊರು ಕಕ್ಕಬ್ಬೆ. ಹತ್ತಿರದಲ್ಲೇ ಪಾಡಿ ಇಗ್ಗುತಪ್ಪ ದೇವಸ್ಥಾನ, 1748 ಮೀಟರ್ ಎತ್ತರದ ತಡಿಯಂಡಮೋಳ್, ಮತ್ತೆ ನಾಲ್ಕುನಾಡು ಅರಮನೆ. ಅರಮನೆ ಅಂದರೆ ಮೈಸೂರಿನಂತೆ ಕಲ್ಪಿಸಿಕೊಳ್ಳಬೇಡಿ, ಹಂಚಿನ ಮನೆಯ ಹಾಗಿದೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಒಬ್ಬರೇ ಹೋದರೆ ಹತ್ತು ನಿಮಿಷದಲ್ಲಿ ನೋಡಿ ಮುಗಿಸುತ್ತೀರಿ. ಊರಿನವರು ಯಾರಾದರೂ ಜೊತೆಗಿದ್ದರೆ ಕತ್ತಲೆ ಕೋಣೆ ಯಾಕೆ, 1834ರಲ್ಲಿ ಬ್ರಿಟಿಷರು ಬಂದಾಗ ಚಿಕ್ಕವೀರರಾಜೇಂದ್ರ ಇಲ್ಲಿಗೆ ಹೇಗೆ ಬಂದು ಸೇರಿಕೊಂಡ ಎಂದೆಲ್ಲ ತೋರಿಸುತ್ತಾ ಹೇಳುತ್ತಾರೆ. ಅದರಲ್ಲಿ ಇತಿಹಾಸ ಎಷ್ಟು, ಅವರ ಅಜ್ಜ ಸೇರಿಸಿದ್ದು ಎಷ್ಟು ಎಂದು ಆಮೇಲೆ ಬಿಡಿಸಿಕೊಳ್ಳಿ. ತಡಿಯಂಡಮೋಳ್ ಹತ್ತುವುದಾದರೆ ಅರಣ್ಯ ಇಲಾಖೆಯ ಅನುಮತಿ, ಟಿಕೆಟ್ ವಿಷಯ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ದಕ್ಷಿಣಕ್ಕೆ ವಿರಾಜಪೇಟೆ, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ. ನಾಗರಹೊಳೆ ಮತ್ತು ಇರ್ಪು ಜಲಪಾತ ಆ ಕಡೆ. ಸಂಜೆ ಆದ ಮೇಲೆ ತೋಟದ ರಸ್ತೆಯಲ್ಲಿ ನಡೆಯಬೇಡಿ ಎಂದು ಅಲ್ಲಿನವರು ಹೇಳಿದರೆ ಅದು ಸುಮ್ನೆ ಹೆದರಿಸುವುದಲ್ಲ. ಆನೆ ನಿಜವಾಗಿಯೂ ಬರುತ್ತದೆ, ಸಿದ್ದಾಪುರ ಕಡೆಯಂತೂ ಇದು ದಿನದ ಮಾತು. ಉತ್ತರದ ಸೋಮವಾರಪೇಟೆ, ಶನಿವಾರಸಂತೆ ಕಡೆ ಹೋಗುವವರು ಕಡಿಮೆ. ಅಲ್ಲಿ ಮಲ್ಲಳ್ಳಿ ಜಲಪಾತ, ಪುಷ್ಪಗಿರಿ ಇದೆ. ಪ್ರವಾಸಿಗರನ್ನು ಕಂಡು ಬೇಸತ್ತಿಲ್ಲದ ಊರುಗಳು ಬೇಕಾದರೆ ಈ ಕಡೆಯೇ ಸರಿ.

ಇನ್ನೊಂದು ಮಾತು. ಕೊಡಗಿನಲ್ಲಿ ಇರುವವರೆಲ್ಲ ಕೊಡವರೇ ಎಂದುಕೊಂಡು ಬರುವವರು ಬಹಳ. ಕೊಡವ ತಕ್ಕ್ ಮಾತಾಡುವವರ ಪಕ್ಕದ ಮನೆಯಲ್ಲೇ ಅರೆಭಾಷೆ ಮಾತಾಡುವ ಗೌಡರು, ಮಲಯಾಳ ಮಾತಾಡುವ ಮಾಪಿಳ್ಳೆಗಳು, ತುಳುವರು, ತೋಟದ ಲೈನ್ ಮನೆಗಳಲ್ಲಿ ಯರವರು, ಹಾಡಿಗಳಲ್ಲಿ ಜೇನುಕುರುಬರು, ಹೀಗೆ ಎಲ್ಲರೂ ಇದ್ದಾರೆ. ಕನ್ನಡ ಎಲ್ಲ ಕಡೆ ನಡೆಯುತ್ತದೆ. ಯಾರನ್ನೋ ನಿಲ್ಲಿಸಿ ಕುಪ್ಯ ಹಾಕಿಕೊಳ್ಳಿ, ಪೀಚೆಕತ್ತಿ ಹಿಡಿದುಕೊಳ್ಳಿ, ಫೋಟೋ ಬೇಕು ಎಂದು ಕೇಳಬೇಡಿ. ಅದು ಮದುವೆ, ಹಬ್ಬಕ್ಕೆ ಉಡುವ ಉಡುಪು.

ಓಡಾಡಲು ಕಾರೋ, ಜೀಪೋ, ಬಸ್ಸೋ

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿಲೋಮೀಟರ್, ರಸ್ತೆಯೇ ಗತಿ. ಸ್ವಂತ ಕಾರಿದ್ದರೆ ನೀವು ಮತ್ತು ಗೂಗಲ್ ಆಂಟಿ, ಮೂರನೇ ಮನುಷ್ಯ ಇಲ್ಲ. ಬೇಕಾದ ಕಡೆ ನಿಲ್ಲಿಸಬಹುದು, ಆದರೆ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರಿಲ್ಲ. ಒಂದು ದಿನವಾದರೂ ಕಾರು ಮನೆಯಲ್ಲೇ ಬಿಟ್ಟು, ಮನೆಯವರಿಗೆ ಪರಿಚಯ ಇರುವ ಡ್ರೈವರ್ ಕರೆಸಿಕೊಳ್ಳಿ. ಮಾಂದಲಪಟ್ಟಿಗೆ ಹೇಗೂ ಜೀಪೇ ಬೇಕು. ಸ್ಟ್ಯಾಂಡಿನಲ್ಲಿ ಸಿಗುವ ಜೀಪಿನವರಿಗೆ ಟ್ರಿಪ್ ಮುಗಿಸಿ ಇನ್ನೊಂದು ಹಿಡಿಯುವ ಆತುರ, ಸೀಸನ್ ಮೂರು ತಿಂಗಳಲ್ಲಿ ವರ್ಷದ ದುಡಿಮೆ ಆಗಬೇಕು, ಅವರನ್ನು ದೂರುವುದಿಲ್ಲ. ಮನೆಯವರು ಕರೆಸಿದ ಡ್ರೈವರ್ ಸ್ವಲ್ಪ ನಿಧಾನ. ದಾರಿಯಲ್ಲಿ ಅವರ ಸಂಬಂಧಿಕರ ಮನೆ ಬರುತ್ತದೆ, ಅಲ್ಲಿ ಒಂದು ಕಾಫಿ ಆಗುತ್ತದೆ, ಆ ಕಾಫಿಗೆ ದುಡ್ಡು ಕೊಡಲು ಹೋಗಬೇಡಿ.

ಬಸ್ಸು ಇನ್ನೂ ಮಜಾ. ಮಡಿಕೇರಿಯಿಂದ ಮೂರ್ನಾಡು, ನಾಪೋಕ್ಲು ದಾರಿಯ ಪ್ರೈವೇಟ್ ಬಸ್ಸಿನಲ್ಲಿ ಕೂತರೆ ಶಾಲೆ ಮಕ್ಕಳು, ತೋಟದ ಕೆಲಸಕ್ಕೆ ಹೋಗುವವರು, ಸೊಸೈಟಿಗೆ ಹೊರಟ ಅಜ್ಜಂದಿರು ಎಲ್ಲರೂ ಹತ್ತುತ್ತಾರೆ. ಕಂಡಕ್ಟರಿಗೆ ಪ್ರತಿಯೊಬ್ಬರ ಮನೆ ದಾರಿಯೂ ಗೊತ್ತು. ಸಂಜೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಹತ್ತುವಾಗಲೇ ಕೇಳಿಟ್ಟುಕೊಳ್ಳಿ. ಮಕ್ಕಳು, ಲಗೇಜ್ ಇದ್ದವರಿಗೆ ಇದು ಬೇಡ.

ಊಟ

ಹೋಟೆಲಿನ ಪಂದಿಕರಿಗೂ (ಹಂದಿ ಮಾಂಸದ ಸಾರು) ಮನೆಯ ಪಂದಿಕರಿಗೂ ವ್ಯತ್ಯಾಸ ಕಾಚಂಪುಳಿಯಲ್ಲಿ ಮತ್ತು ಸಮಯದಲ್ಲಿ. ಕಾಚಂಪುಳಿ ಎಂದರೆ ಪುಳಿ ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿ ಇಟ್ಟ ಹುಳಿ. ಮನೆಯಲ್ಲಿ ಅದು ಅಜ್ಜಿಯ ಬಾಟಲಿಯಿಂದ ಬರುತ್ತದೆ. ಹುರಿದ ಮಸಾಲೆಯ ಕಪ್ಪು ಬಣ್ಣ, ನಿಧಾನವಾಗಿ ಬೆಂದ ಮಾಂಸ, ಜೊತೆಗೆ ಅಕ್ಕಿ ತರಿಯ ಕಡಂಬುಟ್ಟು ಅಥವಾ ನೂಲ್‌ಪುಟ್ಟು. ಹಂದಿ ತಿನ್ನದವರಿಗೆ ಕೋಳಿ ಮಾಡುತ್ತಾರೆ. ಸಸ್ಯಾಹಾರಿಗಳು ಕೊಡಗಿನಲ್ಲಿ ನಮಗೇನಿದೆ ಎಂದು ಮುಖ ಸಣ್ಣ ಮಾಡಿಕೊಳ್ಳುವುದು ಬೇಡ. ಕಣಿಲೆ ಕರಿ, ಅಣಬೆಯ ಕುಮ್ಮು ಕರಿ, ಕಾಡುಮಾವಿನ ಕರಿ, ಹಲಸಿನ ಬೀಜದ ಪಜ್ಜಿ, ಪಾಪುಟ್ಟು, ಅಕ್ಕಿ ರೊಟ್ಟಿ, ಹೋಟೆಲ್ ಮೆನುವಿನಲ್ಲಿ ಇವು ಅಪರೂಪ, ಮನೆಯಲ್ಲಿ ಕಾಲಕ್ಕೆ ತಕ್ಕಂತೆ ಸಿಗುತ್ತವೆ. ಮುಂಚಿನ ದಿನವೇ ಹೇಳಬೇಕು, ಅಷ್ಟೇ. ಕಣಿಲೆಯನ್ನು ಹೆಚ್ಚಿ ನೀರಲ್ಲಿ ನೆನೆಹಾಕಬೇಕು, ಕೇಳಿದ ಕೂಡಲೇ ಆಗುವ ಅಡುಗೆ ಅಲ್ಲ.

ಅಡುಗೆಮನೆಗೆ ಕಾಲಿಡುವ ಮೊದಲು ಕೇಳಿ. ಕೇಳಿದರೆ ಸಾಮಾನ್ಯವಾಗಿ ಬನ್ನಿ ಎಂದೇ ಹೇಳುತ್ತಾರೆ, ಕೈಗೆ ಒಂದು ಉಂಡೆ ಹಿಟ್ಟು ಕೊಟ್ಟು ಕಡಂಬುಟ್ಟು ಕಟ್ಟಲು ಕೂರಿಸುತ್ತಾರೆ, ಗುಂಡಗೆ ಬರದಿದ್ದರೆ ನಗುತ್ತಾರೆ.

ಹಬ್ಬಕ್ಕೆ ಬರುವುದಾ, ಬೇಡವಾ

ಇದು ಸ್ವಲ್ಪ ನಾಜೂಕು. ಕೆಲವು ಹಬ್ಬಗಳು ಎಲ್ಲರಿಗೂ, ಕೆಲವು ಮನೆಯವರಿಗೆ ಮಾತ್ರ.

ಮಡಿಕೇರಿ ದಸರಾ ಎಲ್ಲರದ್ದು. ವಿಜಯದಶಮಿ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ, ಬೆಳಗಿನ ಜಾವದವರೆಗೆ ಊರೇ ಎದ್ದಿರುತ್ತದೆ. ರೂಮ್ ಸಿಗುವುದು ಕಷ್ಟ, ನೂಕುನುಗ್ಗಲು ಬೇರೆ. ತಲಕಾವೇರಿಯ ತುಲಾ ಸಂಕ್ರಮಣ ಅಕ್ಟೋಬರ್ 17ರ ಹೊತ್ತಿಗೆ, ಅದಕ್ಕೂ ಎಲ್ಲರೂ ಹೋಗಬಹುದು, ಆದರೆ ಅದು ಭಕ್ತರ ದಿನ, ರೀಲ್ಸ್ ಮಾಡುವ ಜಾಗ ಅಲ್ಲ. ಮಾತಾಡಲು, ಜನ ನೋಡಲು ನಾನು ಎಲ್ಲಕ್ಕಿಂತ ಮೇಲೆ ಇಡುವುದು ಬೇಸಿಗೆಯ ಕೊಡವ ಹಾಕಿ ಹಬ್ಬವನ್ನು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ್ದು. ತಂಡಗಳು ಊರಿನ ಹೆಸರಲ್ಲಿ ಆಡುವುದಿಲ್ಲ, ಮನೆತನದ ಹೆಸರಲ್ಲಿ ಆಡುತ್ತವೆ. ಪ್ರತಿ ವರ್ಷ ಒಂದೊಂದು ಮನೆತನ ನಡೆಸುತ್ತದೆ. ಒಂದೇ ತಂಡದಲ್ಲಿ ಅಪ್ಪ, ಮಗಳು, ಚಿಕ್ಕಪ್ಪ ಎಲ್ಲರೂ ಇರಬಹುದು. ಮೈದಾನದ ಬದಿಯಲ್ಲಿ ಕೂತು, ಇದು ಯಾವ ಮನೆ ಅಣ್ಣಾ, ಆ ಹುಡುಗಿ ಯಾರು ಎಂದು ಕೇಳಿದರೆ ಸಾಕು. ಪಕ್ಕದವರು ಎರಡು ತಲೆಮಾರಿನ ಸಂಬಂಧ ಬಿಡಿಸಿ ಹೇಳುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಮತ್ತು ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಪುತ್ತರಿ ಬೇರೆ. ಕೈಲ್‌ಪೊಳ್ದ್‌ನಲ್ಲಿ ಕೋವಿ, ಕತ್ತಿಗಳ ಪೂಜೆ ಆದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಅದನ್ನು ಹೊರಗಿನವರೂ ನೋಡಬಹುದು. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕುಟುಂಬದವರು ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ, ಸೇರಿ, ಗದ್ದೆಗೆ ಹೋಗಿ, ಗುಂಡು ಹಾರಿಸಿ ಕದಿರು ಕೊಯ್ದು, ಪೊಲಿ ಪೊಲಿ ದೇವಾ ಎಂದು ಕೂಗುತ್ತಾ ಮನೆಗೆ ತರುತ್ತಾರೆ. ಇದಕ್ಕೆ ಕರೆಯದೆ ಹೋಗುವಂತಿಲ್ಲ, ಕರೆಯಿಸಿಕೊಳ್ಳಲು ಪ್ರಯತ್ನ ಮಾಡುವುದೂ ಚೆಂದವಲ್ಲ. ಹೋಂಸ್ಟೇಯವರಲ್ಲಿ ಹಲವರು ಆ ದಿನ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಅವರೇ ಬನ್ನಿ ಎಂದರೆ ಚಪ್ಪಲಿ ಹೊರಗೆ ಬಿಟ್ಟು, ತೂಗುದೀಪ ಇರುವ ನಡುಮನೆಯಲ್ಲಿ ಹಿರಿಯರಿಗೆ ನಮಸ್ಕಾರ ಮಾಡಿ, ಹೇಳಿದ ಕಡೆ ನಿಂತುಕೊಳ್ಳಿ. ಕ್ಯಾಮೆರಾ ಜೇಬಿನಲ್ಲಿರಲಿ, ಅವರೇ ತೆಗೆಯಿರಿ ಎನ್ನುವವರೆಗೆ. ಪುತ್ತರಿ ಬೇಕೇ ಬೇಕು ಅನ್ನುವವರು ಆಮೇಲಿನ ದಿನಗಳಲ್ಲಿ ಊರಿನ ಮಂದ್‌ಗಳಲ್ಲಿ (ಊರವರು ಸೇರುವ ಬಯಲು) ನಡೆಯುವ ಕೋಲಾಟಕ್ಕೆ ಬರಬಹುದು. ಯಾವ ಊರಿನ ಮಂದ್‌ನಲ್ಲಿ ಯಾವ ದಿನ ಎಂದು ಮನೆಯವರಿಗೇ ಗೊತ್ತಿರುತ್ತದೆ.

ದೇವರಕಾಡುಗಳ ವಿಷಯವೂ ಹೀಗೇ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ರಸ್ತೆ ಬದಿಯಲ್ಲೇ ಕಾಣುತ್ತವೆ. ಊರಿನವರ ಜೊತೆ ಇಲ್ಲದೆ ಒಳಗೆ ಹೋಗುವುದು ಬೇಡ.

ಕೊಂಡುಕೊಳ್ಳುವುದು

ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಜೇನು, ಕರಿಮೆಣಸು, ಏಲಕ್ಕಿ, ಕಾಫಿಪುಡಿ, ಹೋಂಮೇಡ್ ಚಾಕೊಲೇಟ್ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಯಾವ ತೋಟದ್ದು ಎಂದು ಮಾತ್ರ ತಿಳಿಯುವುದಿಲ್ಲ. ನೀವು ಉಳಿದುಕೊಂಡ ಮನೆಯಲ್ಲೇ ಕೇಳಿ ನೋಡಿ. ಹಲವರು ತಮ್ಮ ಮನೆಗೆಂದು ಇಟ್ಟುಕೊಂಡ ಕರಿಮೆಣಸು, ಕಾಫಿಪುಡಿಯಲ್ಲಿ ಸ್ವಲ್ಪ ಕೊಡುತ್ತಾರೆ. ಪೇಟೆ ರೇಟಿಗಿಂತ ಕಡಿಮೆ ಹೇಳಿದರೆ ಚೌಕಾಸಿ ಮಾಡಬೇಡಿ, ಜಾಸ್ತಿ ಹೇಳಿದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೊಡಗಿನ ಕಿತ್ತಳೆ ಈಗ ಮೊದಲಿನಷ್ಟು ಇಲ್ಲ. ಸಿಪ್ಪೆ ಬಿಗಿಯಾಗಿ, ಸ್ವಲ್ಪ ಹಸಿರು ಹಳದಿಯಾಗಿ ಕಾಣುವುದು ನಮ್ಮದು, ರಸ್ತೆ ಬದಿಯಲ್ಲಿ ಫಳಫಳ ಹೊಳೆಯುತ್ತಾ ಕೂತಿರುವುದು ಬಹುಪಾಲು ನಾಗಪುರದಿಂದ ಬಂದದ್ದು. ಮನೆಯ ತೋಟದಲ್ಲಿ ಒಂದೆರಡು ಮರ ಇದ್ದರೆ, ಕೇಳದೆಯೇ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಚೀಲ ಇಟ್ಟಿರುತ್ತಾರೆ. ನೀವು ಬರುವಾಗ ಏನು ತರಬೇಕು ಎಂದು ಕೇಳುವವರಿಗೆ: ಮೈಸೂರು ಪಾಕ್, ಒಳ್ಳೆ ವೀಳ್ಯದೆಲೆ ಒಂದು ಕಟ್ಟು, ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದೆರಡು ಪುಸ್ತಕ. ಬಾಟಲಿ ತರಬೇಡಿ, ಅದು ಇಲ್ಲಿ ಬೇಕಾದಷ್ಟಿದೆ.